ಚಿಂತಕರ ಚಾವಡಿ ನಡೆದುಬಂದ ದಾರಿ

ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲೂಕುಗಳ ಪದವೀಧರರು, ಶಿಕ್ಷಕರು ಮತ್ತು ಗ್ರಾಮ ಪಂಚಾಯತಿ ಸದಸ್ಯರಾದ ನಮಗೆ ಉಳಿದ ನಾಗರಿಕರಿಗಿಂತ ಒಂದು ಹಕ್ಕು ಹೆಚ್ಚಾಗಿ ದೊರೆತಿದೆ. ವಿಧಾನಸಭೆ, ಲೋಕಸಭೆಗಳಿಗೆ ಎಲ್ಲರೊಡನೆ ಸಾಲಿನಲ್ಲಿ ನಿಂತು ಮತ ನೀಡುವುದಲ್ಲದೆ ವಿಧಾನ ಪರಿಷತ್ತಿಗೂ ನಾವು ನೇರವಾಗಿ ಪ್ರತಿನಿಧಿಗಳನ್ನು ಆರಿಸಿ ಕಳುಹಿಸುತ್ತೇವೆ. ಮೈಸೂರು ಸಂಸ್ಥಾನದಲ್ಲಿ 1907ರಲ್ಲಿ ಜನ್ಮತಾಳಿದ ಆ ಸದನಕ್ಕೆ ನೂರಿಪ್ಪತ್ತರ ಪ್ರಾಯ ಸಮೀಪಿಸಿರುವ ಈ ಹೊತ್ತಿನಲ್ಲಿ ಅದರ ಹುಟ್ಟು, ಕಷ್ಟ, ಬೆಳವಣಿಗೆಗಳನ್ನು ಸ್ಮರಿಸುವುದು ಮತದಾರರಾದ ನಮ್ಮ ಕರ್ತವ್ಯವೆಂದು ಭಾವಿಸಿದ್ದೇವೆ. ಕೆಳಮನೆ ಅಂಗೀಕರಿಸಿದ್ದನ್ನು ತಡೆದು ನಿಲ್ಲಿಸುವ ಮೇಲ್ಮನೆ ಬೇಕೇ ಎಂಬ ಪ್ರಶ್ನೆ ಆಗಾಗ ಏಳುತ್ತಲೇ ಇರುವುದರಿಂದ ಈ ಸ್ಮರಣೆಗೆ ಇನ್ನಷ್ಟು ಕಾರಣವಿದೆ.

ಕಥೆ 1881ರಿಂದ ಆರಂಭವಾಗುತ್ತದೆ. ಆ ವರ್ಷದ ಫೆಬ್ರವರಿ 2ರ ಬೆಳಿಗ್ಗೆ ಲಂಡನ್ನಿನ ಹೌಸ್ ಆಫ್ ಕಾಮನ್ಸ್‌ನಲ್ಲಿ ಐರ್ಲೆಂಡಿನ ಸದಸ್ಯರು ಪಾರ್ನೆಲ್ಲರ ನೇತೃತ್ವದಲ್ಲಿ ನಲವತ್ತೊಂದು ಗಂಟೆಗಳಿಂದ ಎಳೆದುಕೊಂಡು ಬಂದಿದ್ದ ಚರ್ಚೆಯನ್ನು ಸಭಾಧ್ಯಕ್ಷ ಹೆನ್ರಿ ಬ್ರ್ಯಾಂಡರು ತಮ್ಮ ಸ್ವಂತ ಹೊಣೆಯ ಮೇಲೆ ಕೊನೆಗೊಳಿಸಿದರು. ಮಾತಿನಿಂದ ಮಸೂದೆಯನ್ನು ತಡೆಯುವ ವಿದ್ಯೆಯೂ, ಆ ಮಾತಿಗೆ ಕಡಿವಾಣ ಹಾಕುವ 'ಚರ್ಚೆ ಮುಕ್ತಾಯ' ನಿಯಮವೂ ಜಗತ್ತಿನ ಗಮನಕ್ಕೆ ಬಂದದ್ದು ಆಗ. ಅದೇ ವರ್ಷ ಅಕ್ಟೋಬರ್ 7ರಂದು, ದಸರೆಯ ದಿನಗಳಲ್ಲಿ, ಮೈಸೂರಿನಲ್ಲಿ 144 ಸದಸ್ಯರ ಪ್ರಜಾಪ್ರತಿನಿಧಿ ಸಭೆ ಮೊದಲ ಬಾರಿಗೆ ಸೇರಿತು. ಮಹಾರಾಜ ಚಾಮರಾಜೇಂದ್ರ ಒಡೆಯರ ಒಪ್ಪಿಗೆಯೊಡನೆ ದಿವಾನ್ ರಂಗಾಚಾರ್ಲು ಅವರು ಕಟ್ಟಿದ ಆ ಸಭೆಗೆ ಶಾಸನ ಮಾಡುವ ಅಧಿಕಾರವಿರಲಿಲ್ಲ. ದಿವಾನರು ವರ್ಷದ ಆಡಳಿತದ ಲೆಕ್ಕ ಒಪ್ಪಿಸುವುದು, ಜಮೀನುದಾರರು ಮತ್ತು ವ್ಯಾಪಾರಿಗಳು ತಮ್ಮ ಅಹವಾಲು ಹೇಳಿಕೊಳ್ಳುವುದು, ಇಷ್ಟೇ ಅದರ ಕಲಾಪ. ಲಂಡನ್ನಿನಲ್ಲಿ ಮಾತು ಅತಿಯಾಯಿತೆಂದು ಕೊರಗುತ್ತಿದ್ದಾಗ ಇಲ್ಲಿ ಪ್ರಜೆ ಸರ್ಕಾರದ ಎದುರು ಬಾಯಿ ತೆರೆಯುವುದೇ ಹೊಸತಾಗಿತ್ತು. ಪ್ರಜೆಗೆ ಲೆಕ್ಕ ಕೊಡಬೇಕಾದವನು ಆಳುವವನು ಎಂಬ ದೃಷ್ಟಿ ರಂಗಾಚಾರ್ಲು ಅವರದು. ಎರಡು ವರ್ಷ ತುಂಬುವ ಮೊದಲೇ, 1883ರ ಜನವರಿಯಲ್ಲಿ, ಅವರು ತೀರಿಕೊಂಡರು. ಅವರು ಹಾಕಿಕೊಟ್ಟ ಪದ್ಧತಿಯನ್ನು ಮುಂದಿನ ದಿವಾನರು ಕೈಬಿಡಲಿಲ್ಲವೆಂಬುದು ಸಂಸ್ಥಾನದ ಭಾಗ್ಯ.

ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, ದಿವಾನ್ ವಿ. ಪಿ. ಮಾಧವರಾಯರ ಆಡಳಿತದಲ್ಲಿ, 1907ರ ಒಂದನೆಯ ರೆಗ್ಯುಲೇಷನ್ ಮೂಲಕ ಶಾಸನ ಪರಿಷತ್ತು ಸ್ಥಾಪನೆಯಾಯಿತು. ಇಂದಿನ ವಿಧಾನ ಪರಿಷತ್ತಿನ ಮೂಲಪುರುಷ ಅದೇ. ಬೆರಳೆಣಿಕೆಯ ಸದಸ್ಯರು, ಶಾಸನ ರಚನೆಗೆ ಸಲಹೆ ನೀಡುವಷ್ಟೇ ಕೆಲಸ. ಪ್ರಶ್ನೆ ಕೇಳುವ, ಮುಂಗಡಪತ್ರವನ್ನು ಚರ್ಚಿಸುವ ಹಕ್ಕುಗಳು ಒಂದೊಂದಾಗಿ ಆಮೇಲೆ ಸೇರಿಕೊಂಡವು. ಮೈಸೂರು ವಿಶ್ವವಿದ್ಯಾನಿಲಯದ ಕುಲಪತಿಗಳಾಗಿದ್ದ ಬ್ರಜೇಂದ್ರನಾಥ ಸೀಲರ ಸಮಿತಿಯ ಶಿಫಾರಸಿನಂತೆ 1923ರಲ್ಲಿ ಪರಿಷತ್ತು 50 ಸದಸ್ಯರದಾಗಿ, ಅನುದಾನದ ಬೇಡಿಕೆಗಳ ಮೇಲೆ ಮತ ಹಾಕುವ ಅಧಿಕಾರ ಪಡೆಯಿತು. ತತ್ತ್ವಶಾಸ್ತ್ರದ ವಿದ್ವಾಂಸರೊಬ್ಬರು ಸಂವಿಧಾನ ಸುಧಾರಣೆಯ ನಕ್ಷೆ ಬರೆದುಕೊಟ್ಟದ್ದು ಆ ಕಾಲದ ಮೈಸೂರಿನಲ್ಲಿ ಯಾರಿಗೂ ವಿಚಿತ್ರವಾಗಿ ಕಾಣಲಿಲ್ಲ. ಪತ್ರಕರ್ತರೂ ಕವಿಗಳೂ ಆದ ಡಿ. ವಿ. ಗುಂಡಪ್ಪನವರು ಹಲವು ವರ್ಷ ಅದರ ಸದಸ್ಯರಾಗಿದ್ದರು. ಈ ಸದನಕ್ಕೆ 'ಚಿಂತಕರ ಚಾವಡಿ' ಎಂಬ ಹೆಸರು ಸುಮ್ಮನೆ ಬಂದದ್ದಲ್ಲ.

ಆದರೆ ಈ ಎಲ್ಲ ವರ್ಷಗಳಲ್ಲಿ ನಮ್ಮ ಮೂರು ತಾಲೂಕುಗಳು ಮೈಸೂರಿನ ಗಡಿಯಾಚೆ ಇದ್ದವೆಂಬುದನ್ನು ಇಂದಿನ ತರುಣರು ನೆನಪಿಡಬೇಕು. 1862ರಿಂದ ಉತ್ತರ ಕನ್ನಡ ಜಿಲ್ಲೆ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಸಾಗರ, ಸೊರಬದ ನೆಂಟರು ಪ್ರಜಾಪ್ರತಿನಿಧಿ ಸಭೆಯ ಸುದ್ದಿ ಹೇಳುತ್ತಿದ್ದ ಕಾಲಕ್ಕೆ ನಮ್ಮ ಹಿರಿಯರ ಅರ್ಜಿಗಳು ಘಟ್ಟ ಇಳಿದು ಕಾರವಾರಕ್ಕೆ, ಅಲ್ಲಿಂದ ಮುಂಬಯಿಗೆ ಹೋಗಬೇಕಿತ್ತು. ಅಲ್ಲಿ ಕೇಳುವವರಿಲ್ಲವೆಂದು ತಿಳಿದಾಗ ಅವರು ತಡೆಯುವ ಬೇರೊಂದು ದಾರಿ ಹಿಡಿದರು. 1930ರ ದಶಕದ ಆರಂಭದಲ್ಲಿ ಸಿದ್ದಾಪುರ ಮತ್ತು ಅಂಕೋಲಾ ತಾಲೂಕುಗಳ ರೈತರು ನಡೆಸಿದ ಕರನಿರಾಕರಣೆ ಕರ್ನಾಟಕದ ಸ್ವಾತಂತ್ರ್ಯ ಹೋರಾಟದಲ್ಲಿಯೇ ಮುಖ್ಯವಾದದ್ದು. ಜಮೀನು ಜಪ್ತಿಯಾಯಿತು, ದನಕರುಗಳು ಹರಾಜಾದವು. 1932ರಲ್ಲಿ ಮಾವಿನಗುಂಡಿಯಲ್ಲಿ ನಮ್ಮ ತಾಯಂದಿರು, ಜಪ್ತಿಯ ಸೊತ್ತು ಕೊಂಡವರ ಮನೆಯೆದುರು ಉಪವಾಸ ಕುಳಿತರು. ಮತಪತ್ರ ಕಾಣದ ಕೈಗಳು ಆ ಸರ್ಕಾರದ ಆಜ್ಞೆಯನ್ನು ತಡೆದು ನಿಲ್ಲಿಸಿದ ರೀತಿ ಅದು. 1937ರಲ್ಲಿ ಮುಂಬಯಿ ಪ್ರಾಂತದಲ್ಲಿ ಖೇರರ ಸಂಪುಟ ಬಂದ ಮೇಲೆ ಜಪ್ತಿಯಾದ ಜಮೀನುಗಳನ್ನು ಮರಳಿಸುವ ಶಾಸನವಾಯಿತು. ಆಗ ಮುಂಬಯಿಯಲ್ಲಿಯೂ ಎರಡು ಸದನಗಳಿದ್ದವು. ಬೀದಿಯಲ್ಲಿ ಆರಂಭವಾದ ತಡೆ ಸದನದಲ್ಲಿ ಶಾಸನವಾಗಿ ಮುಗಿದದ್ದನ್ನು ನಮ್ಮವರು ತಮ್ಮ ಕಣ್ಣಾರೆ ಕಂಡರು.

ಸ್ವಾತಂತ್ರ್ಯ ಬಂತು. 1949ರ ಡಿಸೆಂಬರ್ 16ರಂದು ಮೈಸೂರಿನ ಹಳೆಯ ಎರಡೂ ಸಭೆಗಳು ವಿಸರ್ಜನೆಯಾದವು. ಸಂವಿಧಾನದಡಿ 1952ರಲ್ಲಿ ಪರಿಷತ್ತು ಹೊಸ ರೂಪ ತಾಳಿತು. 1951ರ ಜುಲೈ 13ರಂದು ನೆಹರೂ ಅವರು ಶಂಕುಸ್ಥಾಪನೆ ಮಾಡಿದ, ಕೆಂಗಲ್ ಹನುಮಂತಯ್ಯನವರು ಹಟ ಹಿಡಿದು ಕಟ್ಟಿಸಿದ ವಿಧಾನಸೌಧ 1956ರಲ್ಲಿ ಪೂರ್ಣಗೊಂಡಿತು. ಅದೇ ವರ್ಷ ನವೆಂಬರ್ 1ರಂದು ನಾವು ಮನೆಗೆ ಬಂದೆವು. ಏಕೀಕರಣಕ್ಕಾಗಿ ದುಡಿದ ಎಲ್ಲ ಹಿರಿಯರಿಗೂ ಈ ಸಂದರ್ಭದಲ್ಲಿ ನಮ್ಮ ನಮನ ಸಲ್ಲುತ್ತದೆ. ಪರಿಷತ್ತಿನ ಸದಸ್ಯಬಲ ಮುಂದೆ 63ಕ್ಕೇರಿ, 1987ರಲ್ಲಿ 75 ಆಯಿತು: ವಿಧಾನಸಭಾ ಸದಸ್ಯರಿಂದ 25, ಸ್ಥಳೀಯ ಸಂಸ್ಥೆಗಳಿಂದ 25, ಪದವೀಧರರಿಂದ 7, ಶಿಕ್ಷಕರಿಂದ 7, ರಾಜ್ಯಪಾಲರಿಂದ ನಾಮನಿರ್ದೇಶಿತರು 11.

ಇಲ್ಲಿಂದ ನಮ್ಮ ನೆಲದ ಋಣ ಹೇಳಿಕೊಳ್ಳುವ ಸರದಿ. ಸಿದ್ದಾಪುರ ತಾಲೂಕಿನ ದೊಡ್ಮನೆಯಲ್ಲಿ 1926ರ ಆಗಸ್ಟ್ 29ರಂದು ಹುಟ್ಟಿದ ರಾಮಕೃಷ್ಣ ಹೆಗಡೆಯವರು 1957ರಲ್ಲಿ ವಿಧಾನಸಭೆ ಪ್ರವೇಶಿಸಿ, ಹಣಕಾಸು ಮಂತ್ರಿಯಾಗಿ, 1983ರ ಜನವರಿ 10ರಂದು ಮುಖ್ಯಮಂತ್ರಿಯಾದರು; ಒಟ್ಟು 13 ಮುಂಗಡಪತ್ರಗಳನ್ನು ಮಂಡಿಸಿದರು. ಅವರ ಸರ್ಕಾರದ ಹೆಸರನ್ನು ಉಳಿಸಿದ ಶಾಸನ ಪಂಚಾಯತ್ ವ್ಯವಸ್ಥೆಯದು. ಮಂತ್ರಿ ಅಬ್ದುಲ್ ನಜೀರ್ ಸಾಬರು ಹೊತ್ತು ನಡೆಸಿದ ಆ ಮಸೂದೆ 1983ರದು. ರಾಷ್ಟ್ರಪತಿಗಳ ಅಂಕಿತ ಬಿದ್ದದ್ದು 1985ರಲ್ಲಿ. ಜಿಲ್ಲಾ ಪರಿಷತ್ತು ಮತ್ತು ಮಂಡಲ ಪಂಚಾಯತಿಗಳಿಗೆ ಚುನಾವಣೆ ನಡೆದದ್ದು 1987ರ ಜನವರಿಯಲ್ಲಿ. ನಾಲ್ಕು ವರ್ಷ ಕಾದ ಶಾಸನ ನೆಲದಲ್ಲಿ ಗಟ್ಟಿಯಾಗಿ ಬೇರೂರಿತು, ಹೆಣ್ಣುಮಕ್ಕಳಿಗೆ ನಾಲ್ಕನೆಯ ಒಂದು ಪಾಲು ಸ್ಥಾನ ಮೀಸಲಿಟ್ಟಿತು. ಇಂದು ಪರಿಷತ್ತಿನ ಸ್ಥಳೀಯ ಸಂಸ್ಥೆಗಳ ಕ್ಷೇತ್ರದಲ್ಲಿ ಮತ ಹಾಕುವ ನಮ್ಮ ಪಂಚಾಯತಿ ಸದಸ್ಯರ ಬಲ ಆ ಬೇರಿನಿಂದ ಬಂದದ್ದು. ದೊಡ್ಮನೆಯ ಹೆಗಡೆಯವರು ಮೇಲ್ಮನೆಗೆ ಕೊಟ್ಟ ದೊಡ್ಡ ಕೊಡುಗೆ ಇದೇ ಎಂದು ನಾವು ಹೇಳುತ್ತೇವೆ. ಅವರ ಭಾಷಣ, ಸಭ್ಯತೆಗಳನ್ನು ಹೊಗಳುವವರು ಇದನ್ನು ಮರೆಯುತ್ತಾರೆ.

ತಡೆಯುವುದರ ಬೆಲೆ ನಮ್ಮ ಸೀಮೆಗೆ ಬೇರೆ ರೀತಿಯಲ್ಲಿಯೂ ಗೊತ್ತು. ಯಲ್ಲಾಪುರದ ಕಾಡು, ತೋಟಗಳನ್ನು ಮುಳುಗಿಸಲಿದ್ದ ಬೇಡ್ತಿ ಜಲವಿದ್ಯುತ್ ಯೋಜನೆಯ ಬಗ್ಗೆ 1981ರ ಜನವರಿಯಲ್ಲಿ ಶಿರಸಿಯಲ್ಲಿ ವಿಚಾರ ಸಂಕಿರಣ ನಡೆಯಿತು. ತೋಟಗಾರ್ಸ್ ಸಹಕಾರಿ ಸಂಘವು ವಿಜ್ಞಾನಿಗಳು, ಅರ್ಥಶಾಸ್ತ್ರಜ್ಞರು, ಎಂಜಿನಿಯರರನ್ನು ಕರೆಸಿತು. ಅಡಿಕೆ ಬೆಳೆಗಾರರು ಅವರ ಎದುರು ಕುಳಿತು ಲಾಭನಷ್ಟದ ಲೆಕ್ಕವನ್ನು ಒಂದೊಂದಾಗಿ ಬಿಡಿಸಿದರು. ಬೈಗುಳವಿಲ್ಲ, ಕಲ್ಲು ತೂರಾಟವಿಲ್ಲ. ಆ ಯೋಜನೆ ಆಮೇಲೆ ಮುಂದುವರಿಯಲಿಲ್ಲ. ಎರಡು ವರ್ಷದ ನಂತರ, 1983ರ ಸೆಪ್ಟೆಂಬರಿನಲ್ಲಿ, ಸಾಲ್ಕಣಿಯ ಜನ ಕಳಾಸೆ ಕಾಡಿನ ಮರಗಳನ್ನು ಅಪ್ಪಿ ನಿಂತು ಕೊಡಲಿಗಳನ್ನು ತಡೆದರು. ತೀರ್ಮಾನ ಆಗಿಹೋಗಿದೆ, ಇನ್ನು ಮಾತೇಕೆ ಎಂದು ನಮ್ಮವರು ಸುಮ್ಮನಾಗಿದ್ದರೆ ಇಂದು ಬೇಡ್ತಿಯ ಕಣಿವೆ ಹೇಗಿರುತ್ತಿತ್ತೆಂದು ಯಾರಾದರೂ ಊಹಿಸಬಹುದು. ಬೇಡ್ತಿ–ವರದಾ ಜೋಡಣೆಯ ಪ್ರಸ್ತಾಪ ಮತ್ತೆ ಚರ್ಚೆಯಲ್ಲಿರುವಾಗ ಆ ಸಂಕಿರಣದ ನೆನಪು ಇನ್ನೂ ಹಸಿಯಾಗಿಯೇ ಇದೆ.

ಮಾತಿನಿಂದ ತಡೆಯುವ ಕಲೆಗೆ ಅಮೆರಿಕದಲ್ಲಿ 'ಫಿಲಿಬಸ್ಟರ್' ಎನ್ನುತ್ತಾರೆ. ಅಲ್ಲಿನ ಸೆನೆಟ್‌ನಲ್ಲಿ ಸದಸ್ಯನೊಬ್ಬ ಮಾತಿಗೆ ನಿಂತರೆ ನಿಲ್ಲಿಸುವವರಿರಲಿಲ್ಲ. 1917ರಲ್ಲಿ ಚರ್ಚೆ ಮುಗಿಸುವ ನಿಯಮ ಬಂತು. 1975ರಿಂದ ನೂರು ಸದಸ್ಯರಲ್ಲಿ ಅರವತ್ತು ಮಂದಿ ಒಪ್ಪಿದರೆ ಮಾತು ನಿಲ್ಲುತ್ತದೆ. 1957ರಲ್ಲಿ ಸ್ಟ್ರಾಮ್ ಥರ್ಮಂಡ್ ಎಂಬ ಸದಸ್ಯ ಕರಿಯರ ನಾಗರಿಕ ಹಕ್ಕುಗಳ ಮಸೂದೆಯ ವಿರುದ್ಧ 24 ಗಂಟೆ 18 ನಿಮಿಷ ಮಾತನಾಡಿದರು. ಅಷ್ಟು ಮಾತಾಡಿಯೂ ಮಸೂದೆ ಅಂಗೀಕಾರವಾಯಿತು. ಈಗ ಅಲ್ಲಿ ಗಂಟಲು ಒಣಗಿಸಿಕೊಳ್ಳುವ ಕಷ್ಟವೂ ಇಲ್ಲ. ಅರವತ್ತು ಮತವಿಲ್ಲದಿದ್ದರೆ ಮಸೂದೆ ತಾನೇ ನಿಂತುಬಿಡುತ್ತದೆ. ಆದ್ದರಿಂದಲೇ ಫಿಲಿಬಸ್ಟರ್ ರದ್ದಾಗಬೇಕೆಂಬ ಕೂಗು ಅಲ್ಲಿ ಜೋರಾಗಿದೆ. ನಮ್ಮ ಸಂವಿಧಾನಕಾರರು ಇದಕ್ಕೆ ಮೊದಲೇ ಅಳತೆ ಹಾಕಿಟ್ಟಿದ್ದಾರೆ. 197ನೆಯ ವಿಧಿಯಂತೆ ವಿಧಾನಸಭೆ ಕಳುಹಿಸಿದ ಮಸೂದೆಯನ್ನು ಪರಿಷತ್ತು ಮೊದಲ ಸಲ ಮೂರು ತಿಂಗಳು ಇಟ್ಟುಕೊಳ್ಳಬಹುದು. ಸಭೆ ಮತ್ತೆ ಅಂಗೀಕರಿಸಿ ಕಳುಹಿಸಿದರೆ ಇನ್ನೊಂದು ತಿಂಗಳು. ಅಷ್ಟರೊಳಗೆ ಒಪ್ಪದಿದ್ದರೂ ಒಪ್ಪಿದಂತೆಯೇ. ಹಣಕಾಸು ಮಸೂದೆಗೆ ಹದಿನಾಲ್ಕೇ ದಿನ. ನಮ್ಮ ಪರಿಷತ್ತು ತಡೆಯಬಲ್ಲದು, ಕೊಲ್ಲಲಾರದು. ಈ ಅಳತೆ ನಮಗೆ ಸರಿಯಾಗಿಯೇ ಕಾಣುತ್ತದೆ.

ಈ ಸೀಮೆಯವರಿಗೆ ತಾಳಮದ್ದಳೆಯ ಉದಾಹರಣೆಯೇ ಸಾಕು. ಅರ್ಥಧಾರಿಗಳು ರಾತ್ರಿಯಿಡೀ ವಾದ ಬೆಳೆಸಬಲ್ಲರು, ಒಂದೇ ಪದ್ಯಕ್ಕೆ ಎರಡು ತಾಸು ಅರ್ಥ ಹೇಳಬಲ್ಲರು. ಆದರೆ ಭಾಗವತರು ಮುಂದಿನ ಪದ್ಯ ಎತ್ತಿದರೆ ಕೃಷ್ಣನೂ ಕೌರವನೂ ಮಾತು ನಿಲ್ಲಿಸಲೇಬೇಕು. ಸಭಾಪತಿಯ ಪೀಠ ಅಂಥದು.

ಅಂಥ ಪೀಠ ಎರಡೂ ಸದನಗಳಲ್ಲಿ ಬಿಸಿ ಕಂಡ ವರ್ಷಗಳೂ ಬಂದವು. ಮೊದಲು ಕೆಳಮನೆಯದು. 2019ರ ಜುಲೈನಲ್ಲಿ ಯಲ್ಲಾಪುರದ ಶಾಸಕ ಶಿವರಾಮ ಹೆಬ್ಬಾರರೂ ಸೇರಿದಂತೆ ಆಡಳಿತ ಪಕ್ಷಗಳ ಶಾಸಕರು ರಾಜೀನಾಮೆ ನೀಡಿದಾಗ ಮುಖ್ಯಮಂತ್ರಿ ಎಚ್. ಡಿ. ಕುಮಾರಸ್ವಾಮಿಯವರು ಜುಲೈ 18ರಂದು ವಿಶ್ವಾಸಮತ ಯಾಚಿಸಿದರು. ಕರ್ನಾಟಕದ ಇತಿಹಾಸದಲ್ಲಿ ಫಿಲಿಬಸ್ಟರಿಗೆ ಅತಿ ಸಮೀಪದ ಪ್ರಸಂಗ ಅದೇ ಇರಬೇಕು. ಮೊದಲ ದಿನದ ರಾತ್ರಿ ವಿರೋಧ ಪಕ್ಷದವರು ಸದನದಲ್ಲಿಯೇ ಹಾಸಿಕೊಂಡು ಮಲಗಿದರು. ಮರುದಿನ ರಾಜ್ಯಪಾಲ ವಜುಭಾಯಿ ವಾಲಾ ಅವರು ಮಧ್ಯಾಹ್ನ ಒಂದೂವರೆಯ ಗಡುವು ಕೊಟ್ಟರು, ಅದು ಮೀರಿತು. ಸಂಜೆ ಆರರ ಗಡುವು ಕೊಟ್ಟರು, ಅದೂ ಮೀರಿತು. ಸಭಾಧ್ಯಕ್ಷ ರಮೇಶ್ ಕುಮಾರರು ಮಾತನಾಡುವವರಿಗೆ ಅವಕಾಶ ಕೊಡುತ್ತ ಹೋದರು. 22ರ ಕಲಾಪ ನಡುರಾತ್ರಿಯವರೆಗೆ ಎಳೆಯಿತು. 23ರ ಸಂಜೆ ಮತಕ್ಕೆ ಹಾಕಿದಾಗ ಪರವಾಗಿ 99, ವಿರುದ್ಧವಾಗಿ 105. ನಾಲ್ಕು ದಿನದ ಮಾತು ಸಂಖ್ಯೆಯನ್ನು ಬದಲಿಸಲಿಲ್ಲ. ಆದರೂ ಪಕ್ಷಾಂತರ, ವಿಪ್, ರಾಜೀನಾಮೆಗಳ ಕುರಿತ ವಾದವೆಲ್ಲ ಸದನದ ಕಡತದಲ್ಲಿ ದಾಖಲಾಯಿತು. ಆ ತಿಂಗಳ 31ರಂದು ಶಿರಸಿ ಕ್ಷೇತ್ರದ ಶಾಸಕ ವಿಶ್ವೇಶ್ವರ ಹೆಗಡೆ ಕಾಗೇರಿಯವರು ಅವಿರೋಧವಾಗಿ ಸಭಾಧ್ಯಕ್ಷರಾದರು. ಒಂದೇ ಪ್ರಸಂಗದಲ್ಲಿ ರಾಜೀನಾಮೆ ಕೊಟ್ಟವರಲ್ಲಿ ಒಬ್ಬರು ಯಲ್ಲಾಪುರದವರು, ಅದರ ಬೆನ್ನಿಗೇ ಪೀಠ ಏರಿದವರು ಶಿರಸಿಯವರು ಎಂಬುದು ನಮ್ಮ ಸಂತೆ, ಬಸ್‌ಸ್ಟ್ಯಾಂಡುಗಳಲ್ಲಿ ಬಹಳ ದಿನ ಮಾತಿನ ವಿಷಯವಾಗಿತ್ತು. ಕಾಗೇರಿಯವರ ಅವಧಿಯಲ್ಲಿ ಸಂವಿಧಾನದ ಮೇಲೆ, ಚುನಾವಣಾ ಸುಧಾರಣೆಯ ಮೇಲೆ ವಿಶೇಷ ಚರ್ಚೆಗಳು ನಡೆದವು. ಹಾಗೆಯೇ 2022ರ ಫೆಬ್ರವರಿಯಲ್ಲಿ ಅಹೋರಾತ್ರಿ ಧರಣಿಯಿಂದ ಅಧಿವೇಶನ ನಿಗದಿತ ದಿನಕ್ಕೆ ಮೊದಲೇ ಮುಗಿದ ನೋವನ್ನೂ ಅವರು ಉಂಡರು.

ಮೇಲ್ಮನೆಯ ಅತ್ಯಂತ ಕಹಿ ದಿನ 2020ರ ಡಿಸೆಂಬರ್ 15. ಗೋಹತ್ಯೆ ನಿಷೇಧ ಮಸೂದೆ ಮತ್ತು ಸಭಾಪತಿಗಳ ಸ್ಥಾನದ ಕುರಿತು ಬಿಸಿಯೇರಿದ್ದ ಆ ದಿನ ಉಪಸಭಾಪತಿ ಎಸ್. ಎಲ್. ಧರ್ಮೇಗೌಡರನ್ನು ಪೀಠದಿಂದ ಎಳೆಯಲಾಯಿತು. ಕೆಲವೇ ದಿನಗಳಲ್ಲಿ ಅವರು ನಿಧನರಾದರು. ಅವರ ಸ್ಮರಣೆಗೆ ನಮ್ಮ ಗೌರವ. ಮುಂದೆ ಆ ಮಸೂದೆ 2021ರ ಫೆಬ್ರವರಿ 8ರಂದು ಗದ್ದಲದ ನಡುವೆ ಧ್ವನಿಮತದಿಂದ ಅಂಗೀಕಾರವಾಯಿತು. ತಡೆದವರೂ ವಾದಿಸಲಿಲ್ಲ, ಅಂಗೀಕರಿಸಿದವರೂ ವಾದಿಸಲಿಲ್ಲ. ನಮ್ಮ ಆಕ್ಷೇಪ ಇಲ್ಲಿದೆ. ಬಾವಿಗಿಳಿದು ಕಾಗದ ಹರಿಯುವುದು, ಆ ಸದ್ದಿನಲ್ಲಿಯೇ ಐದು ನಿಮಿಷಕ್ಕೆ ಮಸೂದೆ ಮುಗಿಸುವುದು, ಇವೆರಡೂ ಒಂದೇ ರೋಗ. ರದ್ದಾಗಬೇಕಾದದ್ದು ಇವು.

ಸದನವನ್ನೇ ರದ್ದು ಮಾಡಿದ ರಾಜ್ಯಗಳ ಅನುಭವ ನಮ್ಮೆದುರಿದೆ. 169ನೆಯ ವಿಧಿಯಡಿ ವಿಧಾನಸಭೆ ವಿಶೇಷ ಬಹುಮತದ ನಿರ್ಣಯ ಮಾಡಿ, ಸಂಸತ್ತು ಶಾಸನ ಮಾಡಿದರೆ ಪರಿಷತ್ತು ಹೋಗುತ್ತದೆ. ಪಶ್ಚಿಮ ಬಂಗಾಳ 1969ರಲ್ಲಿ, ಆಂಧ್ರಪ್ರದೇಶ 1985ರಲ್ಲಿ, ತಮಿಳುನಾಡು 1986ರಲ್ಲಿ ಅದನ್ನು ಕಳೆದುಕೊಂಡವು. ಆಂಧ್ರ 2007ರಲ್ಲಿ ಮರಳಿ ಪಡೆಯಿತು. ಮೂರು ರಾಜಧಾನಿಗಳ ಮಸೂದೆಯನ್ನು ಪರಿಷತ್ತು ಪ್ರವರ ಸಮಿತಿಯತ್ತ ತಿರುಗಿಸಿದ ಸಿಟ್ಟಿಗೆ 2020ರ ಜನವರಿಯಲ್ಲಿ ಮತ್ತೆ ರದ್ದತಿಯ ನಿರ್ಣಯ ಮಾಡಿತು. 2021ರ ನವೆಂಬರಿನಲ್ಲಿ ಆ ನಿರ್ಣಯವನ್ನೂ ಹಿಂತೆಗೆದುಕೊಂಡಿತು. ಅದೇ ತಿಂಗಳು ಮೂರು ರಾಜಧಾನಿಗಳ ಕಾನೂನನ್ನೂ ಸರ್ಕಾರ ಹಿಂಪಡೆಯಿತೆಂಬುದನ್ನು ಗಮನಿಸಬೇಕು. ತಡೆದವರನ್ನು ಬೈದವರಿಗೆ ಕೊನೆಗೆ ತಾವೇ ನಿಲ್ಲಬೇಕಾಯಿತು. ಈಗ ದೇಶದಲ್ಲಿ ಆರು ರಾಜ್ಯಗಳಲ್ಲಿ ಮೇಲ್ಮನೆ ಇದೆ. ಅದರಲ್ಲಿ ಕರ್ನಾಟಕವೊಂದು.

ಸೋತ ರಾಜಕಾರಣಿಗಳಿಗೆ ಆಶ್ರಯ, ಖಜಾನೆಗೆ ಖರ್ಚು ಎಂಬ ಟೀಕೆಯನ್ನು ನಾವು ಕೇಳಿದ್ದೇವೆ, ಅದರಲ್ಲಿ ಸತ್ಯವಿಲ್ಲವೆನ್ನಲಾರೆವು. ಆದರೆ ದಲಿತ ಕವಿ ಸಿದ್ಧಲಿಂಗಯ್ಯನವರು, ನಾಟಕಕಾರ ಚಂದ್ರಶೇಖರ ಕಂಬಾರರು ಕುಳಿತು ಮಾತನಾಡಿದ ಸದನವೂ ಅದೇ. 2020ರ ಜುಲೈನಲ್ಲಿ ಯಲ್ಲಾಪುರ ತಾಲೂಕಿನ ಹಿತ್ಲಳ್ಳಿಯ ಶಾಂತಾರಾಮ ಸಿದ್ದಿಯವರು ನಾಮನಿರ್ದೇಶಿತರಾದರು. ಶತಮಾನಗಳಿಂದ ಈ ಕಾಡಿನಲ್ಲಿ ಬಾಳಿದ ಸಿದ್ದಿ ಸಮುದಾಯದ ದನಿ ರಾಜ್ಯದ ಶಾಸನಸಭೆಯಲ್ಲಿ ಕೇಳಿಸಿದ್ದು ಅದೇ ಮೊದಲು. ಲಕ್ಷಾಂತರ ಮತ ಬೇಕಾಗುವ ಕೆಳಮನೆಯ ಚುನಾವಣೆಯಲ್ಲಿ ಇಷ್ಟು ಚಿಕ್ಕ ಸಮುದಾಯಕ್ಕೆ ಆ ಬಾಗಿಲು ಎಂದು ತೆರೆಯುತ್ತಿತ್ತು? ಯಲ್ಲಾಪುರದವರಿಗೆ ಈ ಒಂದು ಕಾರಣವೇ ಸಾಕಾದೀತು.

ಶಿಕ್ಷಕ ಬಾಂಧವರ ವಿಷಯ ಹೇಳದೆ ಈ ಲೇಖನ ಪೂರ್ಣವಾಗದು. ಧಾರವಾಡ, ಗದಗ, ಹಾವೇರಿ, ಉತ್ತರ ಕನ್ನಡ ಜಿಲ್ಲೆಗಳು ಸೇರಿದ ಪಶ್ಚಿಮ ಶಿಕ್ಷಕರ ಕ್ಷೇತ್ರದಿಂದ ಬಸವರಾಜ ಹೊರಟ್ಟಿಯವರು 1980ರಿಂದ ಗೆಲ್ಲುತ್ತ ಬಂದು 2022ರ ಜೂನ್‌ನಲ್ಲಿ ಎಂಟನೆಯ ಬಾರಿ ಆಯ್ಕೆಯಾದರು, ಸಭಾಪತಿಗಳೂ ಆದರು. ಆ ಮತದಾನದ ಕ್ರಮವೇ ಬೇರೆ. ಯಂತ್ರವಿಲ್ಲ, ಗುಂಡಿಯಿಲ್ಲ, ಮುದ್ರೆಯೂ ಇಲ್ಲ. ಆಯೋಗ ಕೊಡುವ ನೇರಳೆ ಬಣ್ಣದ ಸ್ಕೆಚ್ ಪೆನ್ನಿನಿಂದಲೇ ಅಭ್ಯರ್ಥಿಗಳ ಎದುರು 1, 2, 3 ಎಂದು ಪ್ರಾಶಸ್ತ್ಯದ ಅಂಕಿ ಬರೆಯಬೇಕು. ಸ್ವಂತ ಪೆನ್ನು ತೆಗೆದರೆ ಅಸಿಂಧು, ಸರಿ ಗುರುತು ಹಾಕಿದರೂ ಅಸಿಂಧು. ಮಕ್ಕಳ ಉತ್ತರಪತ್ರಿಕೆಗೆ ಸರಿ ಹಾಕಿ ಹಾಕಿ ರೂಢಿಯಾದ ಕೈ ಅಲ್ಲಿ ಸ್ವಲ್ಪ ಎಚ್ಚರ ತಪ್ಪಿದರೂ ಮತ ಹಾಳು. ಪ್ರತಿ ಸಲವೂ ಎಣಿಕೆಯ ಮೇಜಿನ ಬದಿಗೆ ಇಂಥ ಚೀಟಿಗಳ ಕಟ್ಟೊಂದು ಬೇರೆಯಾಗುತ್ತದೆ, ಹಾಕಿದವರಾರೂ ಒಪ್ಪಿಕೊಳ್ಳುವುದಿಲ್ಲ. ಪ್ರಾಥಮಿಕ ಶಾಲೆಯ ಶಿಕ್ಷಕರಿಗೆ ಈ ಕ್ಷೇತ್ರದಲ್ಲಿ ಮತವಿಲ್ಲದಿರುವುದು ಮಾತ್ರ ನಮಗೆ ಇಂದಿಗೂ ಒಪ್ಪಿಗೆಯಾಗದ ಸಂಗತಿ. ಅಕ್ಷರ ಕಲಿಸಿದವರನ್ನು ಹೊರಗಿಟ್ಟ ಶಿಕ್ಷಕರ ಕ್ಷೇತ್ರ ಅದು.

2012ರ ಅಕ್ಟೋಬರ್ 11ರಂದು ರಾಷ್ಟ್ರಪತಿ ಪ್ರಣವ್ ಮುಖರ್ಜಿಯವರು ಉದ್ಘಾಟಿಸಿದ ಬೆಳಗಾವಿಯ ಸುವರ್ಣ ವಿಧಾನಸೌಧ ನಮಗೆ ಬೆಂಗಳೂರಿಗಿಂತ ಬಹಳ ಹತ್ತಿರ. ಚಳಿಗಾಲದ ಅಧಿವೇಶನದಲ್ಲಿ ನಮ್ಮ ಶಾಲಾ ಕಾಲೇಜುಗಳ ಮಕ್ಕಳು ಪ್ರೇಕ್ಷಕರ ಗ್ಯಾಲರಿಯಲ್ಲಿ ಕುಳಿತು ಮೇಲ್ಮನೆಯ ಒಂದು ದಿನದ ಪ್ರಶ್ನೋತ್ತರವನ್ನಾದರೂ ನೋಡಲಿ. ಅವರ ಮುಂದೆ ಸದಸ್ಯರೂ ಸ್ವಲ್ಪ ಬೇರೆ ರೀತಿ ವರ್ತಿಸಿಯಾರು.

ಕೊನೆಯದಾಗಿ ನಮ್ಮ ಬಾಂಧವರಲ್ಲಿ ಒಂದು ವಿನಂತಿ. ಪದವೀಧರರ ಮತ್ತು ಶಿಕ್ಷಕರ ಕ್ಷೇತ್ರಗಳ ಮತದಾರರ ಪಟ್ಟಿ ಪ್ರತಿ ಚುನಾವಣೆಗೂ ಹೊಸದಾಗಿ ತಯಾರಾಗುತ್ತದೆ. ಕಳೆದ ಸಲ ಹೆಸರಿತ್ತೆಂದು ಕುಳಿತವರ ಹೆಸರು ಈ ಸಲ ಇರುವುದಿಲ್ಲ. ನವೆಂಬರ್ 1ಕ್ಕೆ ಪದವಿ ಪಡೆದು ಮೂರು ವರ್ಷ ತುಂಬಿದವರು ನಮೂನೆ 18ರಲ್ಲಿ, ಪ್ರೌಢಶಾಲೆ ಮತ್ತು ಅದಕ್ಕಿಂತ ಮೇಲಿನ ತರಗತಿಗಳಲ್ಲಿ ಕಳೆದ ಆರು ವರ್ಷಗಳಲ್ಲಿ ಒಟ್ಟು ಮೂರು ವರ್ಷ ಪಾಠ ಮಾಡಿದವರು ನಮೂನೆ 19ರಲ್ಲಿ ಅರ್ಜಿ ತುಂಬಿ, ಪದವಿಯ ಪ್ರಮಾಣಪತ್ರ ಅಥವಾ ಶಾಲೆಯ ಸೇವಾ ದೃಢೀಕರಣದೊಡನೆ ತಮ್ಮ ತಹಶೀಲ್ದಾರ ಕಚೇರಿಗೆ ಕೊಡಬೇಕೆಂದು ಕೋರುತ್ತೇವೆ.